ನೀಲಿ ಮದ್ದು, ಹಸಿರು ಬಳೆ

ಮೂಡಲಪಾಳ್ಯದ ನರಸಮ್ಮನ ಮನೆಯಲ್ಲಿ ಬೆಳಗಾದರೆ ಮೊದಲು ಕುದಿಯುತ್ತಿದ್ದುದು ಕಾಫಿ ಅಲ್ಲ, ಸೊಸೆಯ ಮೂತ್ರ.

ಕೊಟ್ಟಿಗೆಯ ಮೂಲೆಯಲ್ಲಿ ಒಂದು ಚಪ್ಪಡಿ ಕಲ್ಲು, ಅದರ ಮೇಲೆ ಸ್ಪಿರಿಟ್ ದೀಪ. ಗಾಜಿನ ಕೊಳವೆಗೆ ಎರಡು ಬೆರಳಿನಷ್ಟು ನೀಲಿ ಮದ್ದು ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಕೊಳವೆಯ ಕತ್ತು ಹಿಡಿದು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಒಂದಿಷ್ಟು ಇದೆ. ಹಳದಿಯಾದರೆ ಜಾಸ್ತಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಚಪ್ಪಲಿ ಮೆಟ್ಟಿಕೊಂಡು ರಾಜಾಜಿನಗರದ ಆಸ್ಪತ್ರೆಗೆ ಓಡಬೇಕು. ಅಲ್ಲಿನ ಡಾಕ್ಟರ್ ವಿಮಲಮ್ಮ ಇದನ್ನು ಹೇಳಿಕೊಟ್ಟ ದಿನ ಮಗ ಪದ್ಮನಾಭ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದ. ಚೀಟಿ ಮೂರನೇ ದಿನಕ್ಕೇ ಕಳೆದುಹೋಯಿತು. ನರಸಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಚೀಟಿಯೂ ಬೇಕಿರಲಿಲ್ಲ. ಮೂವತ್ತು ವರ್ಷ ಹಾಲು ಮಾರಿದ ಹೆಂಗಸು ಆಕೆ. ಚೊಂಬಿನೊಳಗೆ ಒಮ್ಮೆ ಇಣುಕಿದರೆ ಯಾರ ಮನೆಯ ಹಾಲಿಗೆ ಎಷ್ಟು ನೀರು ಸೇರಿದೆ ಎಂದು ಹೇಳಬಲ್ಲ ಕಣ್ಣಿಗೆ ನೀಲಿ, ಹಸಿರು, ಹಳದಿ ಯಾವ ಲೆಕ್ಕ!

"ಥೂ, ಹಸು ಕಟ್ಟೋ ಜಾಗದಲ್ಲಿ ಮನುಷ್ಯರ ಉಚ್ಚೆ ಕಾಯಿಸ್ತೀಯಲ್ಲ ನರಸಕ್ಕ, ಮೈಲಿಗೆ ಅಲ್ವಾ?" ಎಂದು ಪಕ್ಕದ ಮನೆಯ ರಾಮಕ್ಕ ಮೂಗು ಮುಚ್ಚಿಕೊಂಡು ಕೇಳಿದ್ದಳು.

"ಹಸೂನ ಗಂಜಲ ಮನೆಗೆಲ್ಲ ಚಿಮುಕಿಸ್ತೀಯ. ನನ್ನ ಸೊಸೇದು ಒಂದು ಮೂಲೇಲಿ ಕುದುದ್ರೆ ಮೈಲಿಗೆನಾ? ಹೋಗೆ ಅತ್ಲಾಗೆ!"

ಸೊಸೆ ಎಂದರೆ ಹೊರಗಿನವಳಲ್ಲ, ಅಣ್ಣನ ಮಗಳು ಜಲಜಾ. ಹದಿನಾಲ್ಕನೇ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂದಾಗ, ಈ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಅಣ್ಣ ಗೋಡೆಗೆ ತಲೆ ಆನಿಸಿ ಕೂತಿದ್ದ. "ನಿನ್ನ ಅಳಿಯ ನನ್ನ ಮನೇಲವ್ನೆ, ಎದ್ದು ಕಾಫಿ ಕುಡಿ" ಎಂದಿದ್ದಳು ನರಸಮ್ಮ. ಆಡಿದಂತೆಯೇ ಮಾಡಿದ್ದಳು. ಜಲಜಾ ಚುರುಕು. ಗಾಜಿನ ಸಿರಿಂಜು ಕುದಿಸಿ, ತನ್ನ ತೊಡೆಗೆ ತಾನೇ ಇನ್ಸುಲಿನ್ ಚುಚ್ಚಿಕೊಂಡು, "ಅತ್ತೆ, ಸೊಳ್ಳೆ ಕಚ್ಚಿದ್ರೆ ಇದಕ್ಕಿಂತ ನೋಯುತ್ತೆ" ಎನ್ನುವವಳು. ಮಾಗಡಿ ರಸ್ತೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಪದ್ಮನಾಭನೇ ಸೂಜಿ ನೋಡಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದ.

ಮದುವೆಯಾಗಿ ಮೂರನೇ ವರ್ಷಕ್ಕೆ ಜಲಜಾ ಬಸುರಾದಳು. ಮೊದಲ ಸಲ ಪರೀಕ್ಷೆ ಮಾಡಿದ ವಿಮಲಮ್ಮ ನಗಲಿಲ್ಲ.

"ನೋಡಿ ನರಸಮ್ಮ, ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ ಆಗಿದೆ. ಇವಳ ಕಿಡ್ನಿ ಸ್ವಲ್ಪ ಸೋರ್ತಾ ಇದೆ. ಕಿಡ್ನಿ ಅಂದ್ರೆ ಒಂದು ಜರಡಿ ಇದ್ದ ಹಾಗೆ. ಕಸ ಹೊರಗೆ ಹೋಗ್ಬೇಕು, ಸತ್ವ ಒಳಗೆ ಉಳೀಬೇಕು. ಇವಳ ಜರಡಿ ಕಣ್ಣು ದೊಡ್ಡದಾಗಿದೆ, ಸತ್ವಾನೂ ಹೋಗ್ತಿದೆ."

"ಹಳೇ ಜರಡಿ ಅನ್ನಿ. ಹುಷಾರಾಗಿ ಆಡಿಸ್ಬೇಕು."

"ಸರಿಯಾಗಿ ಹೇಳಿದ್ರಿ. ಬಸುರಲ್ಲಿ ಕಿಡ್ನಿಗೆ ಎರಡು ಪಾಲು ಕೆಲಸ. ಸಕ್ಕರೆ ಏರಿದ್ರೆ ಮಗೂಗೆ ಕಷ್ಟ. ರಕ್ತದ ಒತ್ತಡ ಏರಿದ್ರೆ ಇಬ್ಬರಿಗೂ ಕಷ್ಟ. ಬೇಡ ಅನ್ನೋದಾದ್ರೆ ಈಗಲೇ ಹೇಳಿ. ಬೇಕು ಅಂದ್ರೆ ನಾನು ಹೇಳಿದ ದಿನ, ಹೇಳಿದ ಹಾಗೆ ಬರ್ಬೇಕು. ತಪ್ಪಿಸಬಾರದು."

ಪದ್ಮನಾಭ ಹೆಂಡತಿಯ ಮುಖ ನೋಡಿದ. ಜಲಜಾ ಅತ್ತೆಯ ಮುಖ ನೋಡಿದಳು. ಅತ್ತೆ ಮಾತ್ರ ಯಾರ ಮುಖವನ್ನೂ ನೋಡದೆ, "ನಿಂಗೇನವ್ವ ಬೇಕು? ಹೊರೋಳು ನೀನು" ಎಂದಳು.

"ಬೇಕು ಅತ್ತೆ."

"ಹಂಗಾದ್ರೆ ಬತ್ತೀವಿ ಡಾಕ್ಟ್ರಮ್ಮ, ನೀವು ಹೇಳಿದ ದಿನ."

ಅಂದಿನಿಂದ ಮನೆಯಲ್ಲಿ ಸಕ್ಕರೆ, ಬೆಲ್ಲ ಎರಡೂ ನಿಂತವು. ಜಲಜಾಗೆ ಒಬ್ಬಳಿಗೇ ಪಥ್ಯ, ಮಿಕ್ಕವರಿಗೆ ಪಾಯಸ ಎಂದರೆ ನಡೆಯುವ ಮಾತಲ್ಲ ಎಂದು ನರಸಮ್ಮನಿಗೆ ಗೊತ್ತಿತ್ತು. ಕರುವನ್ನು ಬೇರೆ ಕಟ್ಟಿ ಹುಲ್ಲನ್ನು ಮುಂದೆಯೇ ಹಾಕಿದರೆ ಹಗ್ಗ ಎಷ್ಟು ದಿನ ತಡೆದೀತು? ಪದ್ಮನಾಭ ಬೆಲ್ಲವಿಲ್ಲದ ಕಾಫಿ ಕುಡಿದು ಒಂದು ವಾರ ಮುಖ ಕಿವಿಚಿದ. ಆಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎರಡು ಕಾಫಿ ಕುಡಿಯತೊಡಗಿದ. ಅದು ನರಸಮ್ಮನಿಗೆ ತಿಳಿದಿತ್ತು, ಕೇಳಲಿಲ್ಲ.

ಬಗೆಹರಿಯದ ತೊಡಕು ಒಂದೇ. ಇನ್ಸುಲಿನ್ ಸೀಸೆ ತಂಪಿನಲ್ಲಿರಬೇಕು, ಇಡೀ ಬೀದಿಗೆ ಫ್ರಿಜ್ ಇದ್ದದ್ದು ರಾಮಕ್ಕನ ಮನೆಯಲ್ಲಿ ಮಾತ್ರ. ಹೀಗಾಗಿ ಜಲಜಾಳ ಮದ್ದು ರಾಮಕ್ಕನ ಜಾಮೂನಿನ ಪಾತ್ರೆಯ ಪಕ್ಕದಲ್ಲಿ ವಾಸವಾಗಿತ್ತು. ಮದ್ದಿಗೆ ಹೋದಾಗಲೆಲ್ಲ ರಾಮಕ್ಕ ಒಂದು ಕೈಯಲ್ಲಿ ಸೀಸೆ, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ಬರುವಳು. ಕೆಟ್ಟ ಬುದ್ಧಿಯಿಂದಲ್ಲ. ಬಸುರಿಗೆ ತಿನ್ನಿಸದೆ ಬಿಟ್ಟರೆ ತನಗೇ ಪಾಪ ಸುತ್ತಿಕೊಳ್ಳುತ್ತದೆ ಎಂದು ನಂಬಿದ ಜೀವ.

"ಒಂದೇ ಒಂದು ಜಾಮೂನು ನರಸಕ್ಕ. ಬಸುರಿ ಬಯಕೆ ತೀರಿಸದೇ ಇದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ."

"ಕಿವಿ ಸೋರಿದ್ರೆ ಹತ್ತಿ ಇಡ್ತೀನಿ ಕಣೆ. ಕಿಡ್ನಿ ಸೋರಿದ್ರೆ ಏನಿಡ್ಲಿ?"

ರಾಮಕ್ಕ ಬಟ್ಟಲನ್ನು ಮತ್ತೆ ಫ್ರಿಜ್ಜಿನೊಳಗೆ ಇಟ್ಟಳು.

ಕೊಳವೆ ಮೊದಮೊದಲು ಹಸಿರು ತೋರಿಸಿತು, ಒಮ್ಮೊಮ್ಮೆ ಹಳದಿ. ವಿಮಲಮ್ಮ ಮದ್ದು ಏರಿಸಿದರು, ನರಸಮ್ಮ ಅನ್ನ ಇಳಿಸಿದಳು. ಅರ್ಧ ಮುದ್ದೆ, ರಾಶಿ ಸೊಪ್ಪು, ಮೊಳಕೆ ಕಾಳು, ಊಟವಾದ ಮೇಲೆ ಹಿತ್ತಲಿನಲ್ಲಿ ಹತ್ತು ಸುತ್ತು. ಐದನೇ ತಿಂಗಳ ಹೊತ್ತಿಗೆ ಕೊಳವೆ ನೀಲಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ನರಸಮ್ಮನಿಗೆ ಕೊಂಬು ಮೂಡಿತು. ಕೊಳವೆಯನ್ನು ಬಿಸಿಲಿಗೆ ಹಿಡಿದು, "ನೋಡೆ ರಾಮಕ್ಕ, ಕೃಷ್ಣನ ಮೈಬಣ್ಣ!" ಎಂದು ಕಾಂಪೌಂಡಿನ ಮೇಲಿಂದ ತೋರಿಸುವಳು. ಬೀದಿಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಎಂದರೂ ಈಕೆಯದೇ ಸಲಹೆ. ಅರ್ಧ ಡಾಕ್ಟರೇ ಆಗಿಬಿಟ್ಟಿದ್ದಳು. ಉಳಿದರ್ಧವನ್ನು ಕಲಿಯದೇ ಇದ್ದದ್ದೇ ತಪ್ಪಾಯಿತು.

ಏಳನೇ ತಿಂಗಳು ಹಿಡಿಯಿತು. ಸೀಮಂತಕ್ಕೆ ದಿನ ಗೊತ್ತಾಯಿತು. ಆಸ್ಪತ್ರೆಗೆ ಹೋಗಬೇಕಾದ ಶುಕ್ರವಾರ ಸೀರೆ ತರಲು ಹೋದರು. ಮುಂದಿನ ಶುಕ್ರವಾರ ಅಣ್ಣನ ಮನೆಯಿಂದ ಜನ ಬಂದರು.

"ಅವ್ವ, ಡಾಕ್ಟ್ರು ಬೈತಾರೆ ಕಣವ್ವ" ಎಂದ ಪದ್ಮನಾಭ.

"ದಿನಾ ನೀಲಿ ಬತ್ತಾ ಐತಲ್ಲೋ. ಶಾಸ್ತ್ರ ಮುಗಿಸ್ಕೊಂಡು ಸೋಮವಾರ ಹೋದ್ರಾಯ್ತು."

"ಕಾಲು ಊದಿದೆ ಅತ್ತೆ" ಎಂದಳು ಜಲಜಾ.

"ಬಸುರೀಲಿ ಯಾರಿಗೆ ಊದಲ್ಲ? ಪದ್ಮನಾಭ ಹೊಟ್ಟೇಲಿದ್ದಾಗ ನನ್ನ ಕಾಲು ಒನಕೆ ಆಗಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಕೊ."

ದಿನವೂ ನೋಡುವ ಕಣ್ಣಿಗೆ ಕರು ಬೆಳೆದದ್ದು ಕಾಣುವುದಿಲ್ಲ.

ಸೀಮಂತದ ಬೆಳಿಗ್ಗೆ ಮನೆಯ ಮುಂದೆ ಶಾಮಿಯಾನ ಎದ್ದಿತು. ಹಸಿರು ಸೀರೆ ಉಟ್ಟು, ಮುಡಿ ತುಂಬ ಹೂವು ಮುಡಿದು ಜಲಜಾ ಮಣೆಯ ಮೇಲೆ ಕೂತಳು. ಗಂಡ ತೀರಿಕೊಂಡು ಎಂಟು ವರ್ಷವಾಗಿದ್ದ ನರಸಮ್ಮ ಸಂಪ್ರದಾಯದಂತೆ ದೂರದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಆರತಿ, ಮಡಿಲು ತುಂಬುವುದು ಎಲ್ಲ ಮುತ್ತೈದೆ ರಾಮಕ್ಕನ ಯಜಮಾನಿಕೆ. ಮೊದಲು ಬಳೆಯ ಶಾಸ್ತ್ರ. ಬಳೆ ಮರಿಯಪ್ಪ ಮಲಾರದ ಗಂಟು ಬಿಚ್ಚಿ, ಜಲಜಾಳ ಬಲಗೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ. ನಲವತ್ತು ವರ್ಷದಿಂದ ಅಗ್ರಹಾರ ದಾಸರಹಳ್ಳಿಯಿಂದ ಹೇರೋಹಳ್ಳಿಯವರೆಗೆ ಹೆಂಗಸರ ಕೈಗೆಲ್ಲ ಬಳೆ ತೊಡಿಸಿದ ಮುದುಕ.

ಮರಿಯಪ್ಪ ಒಂದು ಬಳೆ ಏರಿಸಲು ನೋಡಿದ. ಗೆಣ್ಣಿನ ಮೇಲೆ ನಿಂತಿತು. ಇನ್ನೊಂದು ಅಳತೆಯದು ತೆಗೆದ. ಅದೂ ನಿಂತಿತು. ಮೂರನೆಯದನ್ನು ತೆಗೆಯುವ ಬದಲು ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದ.

"ಏನಪ್ಪ ಮರಿಯಪ್ಪ, ಜ್ಯೋತಿಷ್ಯ ಹೇಳ್ತೀಯಾ? ಬೇಗ ತೊಡಿಸು, ಆರತಿ ಆರುತ್ತೆ" ಎಂದಳು ರಾಮಕ್ಕ. ಹೆಂಗಸರು ನಕ್ಕರು.

ಮರಿಯಪ್ಪ ನಗಲಿಲ್ಲ. ಬಾಗಿಲ ಕಡೆಗೆ ತಿರುಗಿ, "ನರಸಮ್ಮಾರೆ, ಗೌರಿ ಹಬ್ಬಕ್ಕೆ ಈ ಕೈಗೆ ನಾನೇ ಎರಡು-ನಾಲ್ಕರ ಅಳತೆ ತೊಡಿಸಿದ್ದೆ. ಸಣ್ಣ ಕೈ ಅಂತ ಹುಡುಕಿ ತಂದಿದ್ದೆ. ಇವತ್ತು ಎರಡು-ಎಂಟೂ ಹತ್ತಾಕಿಲ್ಲ ಅಂತೈತೆ. ಬಸುರಿ ಕಾಲು ಊದೋದು ದಿನಾ ಕಾಣ್ತೀನಿ. ಕೈ ಹಿಂಗೆ ಊದಿದ್ದು ನನ್ನ ಕಾಲದಾಗೆ ಮೂರೋ ನಾಕೋ ಸಲ ಕಂಡಿವ್ನಿ" ಎಂದ. ಆ ಮೂರು ನಾಲ್ಕು ಕೈಗಳು ಆಮೇಲೆ ಏನಾದವು ಎಂದು ಹೇಳಲಿಲ್ಲ. ಹೇಳದೇ ಬಿಟ್ಟದ್ದೇ ನರಸಮ್ಮನ ಎದೆಗೆ ತಟ್ಟಿತು.

ದೂರ ನಿಲ್ಲಬೇಕಾದವಳು ಹಸೆಯ ಮೇಲೆಯೇ ಕಾಲಿಟ್ಟು ನಡೆದು ಬಂದಳು. ಗೌರಿ ಹಬ್ಬದ ಆರು ಹಸಿರು ಬಳೆಗಳು ಸೊಸೆಯ ಮಣಿಕಟ್ಟಿನಲ್ಲಿ ಅಲುಗಾಡದೆ ಕಚ್ಚಿಕೊಂಡಿದ್ದವು. ಒಂದನ್ನು ಸರಿಸಿದರೆ ಅದರಡಿ ಕೆಂಪು ಗೆರೆ. ಬೆರಳಿನಿಂದ ಒತ್ತಿದರೆ ಕಲಸಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಕುಳಿ ಬಿತ್ತು, ಮೇಲೇಳಲಿಲ್ಲ.

"ತಲೆ ನೋಯ್ತದೇನೆ?"

ಜಲಜಾ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

"ಕೇಳಿದ್ದಕ್ಕೆ ಹೇಳು."

"ಮೂರು ದಿನದಿಂದ ಅತ್ತೆ. ಶಾಸ್ತ್ರ ಕೆಡುತ್ತೆ ಅಂತ..."

ನೀಲಿ ಬಣ್ಣ ಸಕ್ಕರೆಯ ಸುದ್ದಿ ಹೇಳುತ್ತಿತ್ತು, ಜರಡಿಯ ಸುದ್ದಿಯನ್ನಲ್ಲ. ಅದನ್ನು ಆಸ್ಪತ್ರೆಯಲ್ಲಿ ಮಾತ್ರ ನೋಡುತ್ತಿದ್ದರು. ಆ ಎರಡು ಶುಕ್ರವಾರಗಳನ್ನು ತಾನೇ ಕೈಯಾರೆ ತಪ್ಪಿಸಿದೆ. ನರಸಮ್ಮನಿಗೆ ಇದೆಲ್ಲ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಅಳುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡಳು.

"ಪದ್ಮನಾಭ, ಶಾಮಿಯಾನದ ಟೆಂಪೋ ಇಲ್ಲೇ ಐತಾ? ಡ್ರೈವರ್‌ಗೆ ಊಟದಿಂದ ಏಳು ಅನ್ನು. ಜಲಜಾ, ಏಳವ್ವ."

"ಅಯ್ಯೋ ನರಸಕ್ಕ!" ರಾಮಕ್ಕ ಆರತಿ ತಟ್ಟೆ ಹಿಡಿದುಕೊಂಡೇ ಅಡ್ಡ ಬಂದಳು. "ಮಡಿಲು ತುಂಬಿಲ್ಲ, ಆರತಿ ಆಗಿಲ್ಲ, ಮಣೆಯಿಂದ ಎಬ್ಬಿಸ್ತೀಯಾ? ಅರ್ಧಕ್ಕೆ ಎದ್ದೋಳಿಗೆ ಒಳ್ಳೇದಾಗುತ್ತಾ? ಅರ್ಧ ಗಂಟೆ ತಡ್ಕೊ."

"ಶಾಸ್ತ್ರಕ್ಕೆ ಕಾಲೈತೆ ಕಣೆ, ಅದೇ ನಡ್ಕೊಂಡು ಬತ್ತದೆ. ಮಗೂಗೆ ಇನ್ನೂ ಕಾಲು ಬಂದಿಲ್ಲ."

"ಹಂಗಾದ್ರೆ ನಾನೂ ಬರ್ತೀನಿ. ಎಲ್ಲಿ ಕೂತ್ರೂ ಅಲ್ಲೇ ಆರತಿ ಎತ್ತೋದೇ!"

ಟೆಂಪೋದ ಮುಂದುಗಡೆ ಡ್ರೈವರ್ ಪಕ್ಕ ಜಲಜಾ ಮತ್ತು ಪದ್ಮನಾಭ. ಹಿಂದೆ ಶಾಮಿಯಾನದ ಬೊಂಬುಗಳ ನಡುವೆ ನರಸಮ್ಮ, ರಾಮಕ್ಕ, ಆರತಿ ತಟ್ಟೆ, ಮಡಿಲಕ್ಕಿ, ಎರಡು ತೆಂಗಿನಕಾಯಿ. ರಸ್ತೆ ಗುಂಡಿ ಬಿದ್ದಿತ್ತು. ಪ್ರತಿ ಗುಂಡಿಗೂ ತೆಂಗಿನಕಾಯಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳುತ್ತಿತ್ತು, ರಾಮಕ್ಕ ಕಾಲಲ್ಲಿ ತಡೆದು ನಿಲ್ಲಿಸುತ್ತಿದ್ದಳು. ವಿಜಯನಗರ ದಾಟಿದ ಮೇಲೆ ನರಸಮ್ಮ, "ನಾನೇ ಕಣೆ ಮಾಡಿದ್ದು. ಎರಡು ಶುಕ್ರವಾರ" ಎಂದಳು.

ರಾಮಕ್ಕ ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಿಂದ ಅವಳ ಮೊಣಕಾಲು ಹಿಡಿದುಕೊಂಡಳು.

ವಿಮಲಮ್ಮ ರಕ್ತದ ಒತ್ತಡ ನೋಡಿದರು, ಮೂತ್ರವನ್ನು ತಾವೇ ಕಾಯಿಸಿದರು. ಅವರ ಕೊಳವೆಯಲ್ಲಿ ನೀಲಿ ಮದ್ದು ಇರಲಿಲ್ಲ. ಬರೀ ಮೂತ್ರ ಬಿಸಿಯಾಗುತ್ತ, ಜರಡಿಯಿಂದ ಸೋರಿದ ಸತ್ವವೆಲ್ಲ ಒಡೆದ ಹಾಲಿನ ಹಾಗೆ ಬೆಳ್ಳಗೆ ಗರಣೆ ಕಟ್ಟಿತು. ಒಡೆದ ಹಾಲನ್ನು ನರಸಮ್ಮನಿಗೆ ಯಾರೂ ವಿವರಿಸಬೇಕಿರಲಿಲ್ಲ.

"ಸೋಮವಾರ ಬಂದಿದ್ರೆ?" ಎಂದು ಕೇಳಿದಳು.

"ಆ ಮಾತು ಬಿಡಿ. ಇವತ್ತು ಬಂದ್ರಲ್ಲ. ಇನ್ನು ಹೆರಿಗೆ ಆಗೋವರೆಗೂ ಇವಳು ಇಲ್ಲೇ, ಹಾಸಿಗೆ ಮೇಲೇ. ಒತ್ತಡ ಇಳಿಸೋಕೆ ಮಾತ್ರೆ ಕೊಡ್ತೀನಿ. ಮಗು ಒಳಗೆ ಎಷ್ಟು ದಿನ ಉಳಿದ್ರೆ ಅಷ್ಟು ಒಳ್ಳೇದು. ಇವಳಿಗೆ ಜಾಸ್ತಿ ಆಯ್ತು ಅನ್ನಿಸಿದ ದಿನ ಆಪರೇಷನ್ ಮಾಡಿ ತೆಗೀತೀನಿ. ಎರಡೂ ಕಡೆ ನೋಡ್ಬೇಕು." ಆಮೇಲೆ ಬಾಗಿಲ ಕಡೆ ನೋಡಿ, "ಆ ಅಮ್ಮ ಯಾಕೆ ದೀಪ ಹಿಡ್ಕೊಂಡು ನಿಂತಿದ್ದಾರೆ?" ಎಂದರು.

"ಎರಡೇ ನಿಮಿಷ ಡಾಕ್ಟ್ರಮ್ಮ" ಎಂದಳು ರಾಮಕ್ಕ, ಜೀವನದಲ್ಲಿ ಮೊದಲ ಸಲ ಮೆಲ್ಲಗೆ.

ಎರಡು ನಿಮಿಷ ಸಿಕ್ಕಿತು. ವಾರ್ಡಿನ ಕಬ್ಬಿಣದ ಮಂಚದ ಮೇಲೆ ಜಲಜಾಳ ಸೀಮಂತ ಮುಗಿಯಿತು. ಪಕ್ಕದ ಮಂಚಗಳ ಬಸುರಿಯರು ಎದ್ದು ಕೂತು, ದನಿಗೂಡಿಸಿ ಆರತಿ ಹಾಡು ಹೇಳಿದರು. ವಾರ್ಡಿನ ನರ್ಸ್ ಕುಂಕುಮ ಹಚ್ಚಿಸಿಕೊಂಡು, ಉರಿಯುವ ದೀಪವನ್ನು ತಕ್ಷಣ ಹೊರಗೆ ಕಳಿಸಿದಳು.

ಆಮೇಲೆ ಆರು ವಾರಕ್ಕಿಂತ ಹೆಚ್ಚು ದಿನ ನರಸಮ್ಮ ದಿನವೂ ಬಸ್ಸಿನಲ್ಲಿ ಕ್ಯಾರಿಯರ್ ಹಿಡಿದು ಓಡಾಡಿದಳು. ಉಪ್ಪು ಕಮ್ಮಿ ಸಾರು, ಅರ್ಧ ಮುದ್ದೆ. ವಾರ್ಡಿಗೆ ಬಂದ ಕೂಡಲೇ ಊಟದ ಮಾತಿಗಿಂತ ಮೊದಲು ಸೊಸೆಯ ಕೈ ಹಿಡಿದು ಬಳೆ ತಿರುಗಿಸಿ ನೋಡುವಳು. ಮೊದಲ ವಾರ ಬಳೆ ಅಲುಗಲಿಲ್ಲ. ಎರಡನೇ ವಾರ ಒಂದಿಷ್ಟು ತಿರುಗಿತು. ಒಂದು ದಿನ ಮತ್ತೆ ಕಚ್ಚಿಕೊಂಡಾಗ ನರಸಮ್ಮ ಕ್ಯಾರಿಯರ್ ಅಲ್ಲೇ ಬಿಟ್ಟು ವಿಮಲಮ್ಮನ ಕೋಣೆಗೆ ಓಡಿದಳು. ಒತ್ತಡ ನಿಜವಾಗಿಯೂ ಏರಿತ್ತು. ಮಾತ್ರೆ ಬದಲಾಯಿತು.

"ನಿಮ್ಮ ಬಳೆ ನನ್ನ ಮಿಷಿನ್‌ಗಿಂತ ಚುರುಕು" ಎಂದರು ವಿಮಲಮ್ಮ.

"ಬಳೇನೂ ನೋಡಿ, ಮಿಷಿನ್ನೂ ನೋಡಿ ಡಾಕ್ಟ್ರಮ್ಮ. ಒಂದನ್ನೇ ನಂಬಿ ಕೆಟ್ಟೋಳು ನಾನು."

ಹೊಸ ವರ್ಷದ ಎರಡನೇ ವಾರಕ್ಕೆ ಬಳೆ ಮೂರನೇ ಸಲ ಬಿಗಿಯಿತು. ಜಲಜಾ ಕಣ್ಣ ಮುಂದೆ ಮಿಂಚಿನ ಹಾಗೆ ಏನೋ ಕಾಣುತ್ತದೆ ಎಂದಳು. "ಇನ್ನು ಕಾಯೋದು ಬೇಡ. ಮಗೂಗೆ ಎಂಟು ತುಂಬಿ ಒಂಬತ್ತು ನಡೀತಿದೆ. ನಾಳೆ ಬೆಳಿಗ್ಗೆ ತೆಗೆಯೋಣ" ಎಂದರು ವಿಮಲಮ್ಮ. ನಾಳೆ ಎಂದರೆ ಸಂಕ್ರಾಂತಿ.

ಆಪರೇಷನ್ನಿಗೆ ಮೊದಲು ಬಳೆ ತೆಗೆಯಬೇಕು, ಬರದಿದ್ದರೆ ಒಡೆಯುತ್ತೇವೆ ಎಂದಳು ನರ್ಸ್. ಬಸುರಿಯ ಕೈಯ ಹಸಿರು ಬಳೆ ಒಡೆಯುವುದೇ! ಪದ್ಮನಾಭ ಸೈಕಲ್ ಏರಿ ಹೋಗಿ ಮರಿಯಪ್ಪನನ್ನು ಹಿಂದೆ ಕೂರಿಸಿಕೊಂಡು ಬಂದ. ಮುದುಕ ಸೋಪಿನ ನೀರು ಹಚ್ಚಿ, ಬೆರಳುಗಳನ್ನು ಮಡಿಸಿ, ಏನೋ ಮಾತಾಡಿಸುತ್ತಲೇ ಆರನ್ನೂ ಒಂದೊಂದಾಗಿ ಕಳಚಿದ. ಒಂದೂ ಚಿಟಕ್ಕೆನ್ನಲಿಲ್ಲ. ನರಸಮ್ಮ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಥಿಯೇಟರಿನ ಹೊರಗೆ ಕೂತಳು. ಗಂಟಿನೊಳಗೆ ಬಳೆಗಳು ಒಂದಕ್ಕೊಂದು ತಾಕದಂತೆ ಮುಷ್ಟಿಯಲ್ಲಿ ಹಿಡಿದಿದ್ದಳು. ಯಾವ ದೇವರಿಗೂ ಹರಕೆ ಹೊರಲಿಲ್ಲ. ತಪ್ಪು ತನ್ನದು, ಅದನ್ನು ದೇವರ ತಲೆಗೆ ಕಟ್ಟುವುದು ಸರಿಯಲ್ಲ ಎನ್ನಿಸಿತ್ತು.

ಒಂದು ಗಂಟೆ ಕಳೆದ ಮೇಲೆ ವಿಮಲಮ್ಮ ಹೊರಗೆ ಬಂದರು.

"ಹೆಣ್ಣು ಮಗು. ಮೂರು ಕೆಜಿ. ತಾಯಿಗೆ ಒತ್ತಡ ಇಳೀತಾ ಇದೆ, ಎರಡು ದಿನ ಕಣ್ಣಿಟ್ಟು ನೋಡ್ಬೇಕು. ಮಗು ಚೆನ್ನಾಗಿ ಅತ್ತಿದೆ. ಆದರೆ ಅದಕ್ಕೆ ಸಕ್ಕರೆ ಕಮ್ಮಿ ಇದೆ, ಗ್ಲೂಕೋಸ್ ಕೊಡ್ತಾ ಇದೀವಿ."

ನರಸಮ್ಮ ಎದ್ದು ನಿಂತಳು. "ಏನು ಕಮ್ಮಿ ಅಂದ್ರಿ?"

"ಸಕ್ಕರೆ. ಹೆದರಬೇಡಿ. ಹೊಟ್ಟೆಯೊಳಗೆ ತಾಯಿ ಸಕ್ಕರೆ ಬರ್ತಾ ಇತ್ತು, ಅದಕ್ಕೆ ತಕ್ಕ ಹಾಗೆ ಮಗು ತನ್ನ ಇನ್ಸುಲಿನ್ ತಾನೇ ಜಾಸ್ತಿ ಮಾಡ್ಕೊಂಡಿತ್ತು. ಈಗ ಸರಬರಾಜು ನಿಂತಿದೆ. ಒಂದೆರಡು ದಿನ ಸಿಹಿ ಕೊಟ್ರೆ ತಾನೇ ಸರಿಹೋಗುತ್ತೆ."

ನರಸಮ್ಮ ನಗಲು ತೊಡಗಿದಳು. ನಗುತ್ತ ಗೋಡೆಗೆ ಒರಗಿದಳು, ಒರಗಿದವಳು ಕೂತಳು, ಕೂತವಳು ಅತ್ತಳು. ಸೀಮಂತದ ದಿನ ಆಮೇಲೆ ಅತ್ತರಾಯಿತೆಂದು ತೆಗೆದಿಟ್ಟ ಅಳು ಅದು.

"ಎಂಟು ತಿಂಗಳು ಮನೇಗೆ ಒಂದು ಚೂರು ಬೆಲ್ಲ ತರಲಿಲ್ಲ ಕಣೋ ಪದ್ಮನಾಭ. ನಿನ್ನ ಮಗಳು ಬಂದೋಳೇ ಸಿಹಿ ಕೇಳ್ತಾವ್ಳೆ!"

ಮಧ್ಯಾಹ್ನ ರಾಮಕ್ಕ ರೇಷ್ಮೆ ಸೀರೆ ಉಟ್ಟು, ಎಳ್ಳು-ಬೆಲ್ಲದ ಡಬ್ಬಿ ಹಿಡಿದು ಬಂದಳು. ವಿಷಯ ಕೇಳಿ ಅವಳ ಮುಖ ಊರಗಲವಾಯಿತು. "ನಾನು ಅವತ್ತೇ ಹೇಳಲಿಲ್ವಾ ನರಸಕ್ಕ? ಮಗು ಬಯಕೆ! ಒಂದು ಜಾಮೂನು ಕೊಟ್ಟಿದ್ರೆ..."

"ಮುಚ್ಚೆ ಬಾಯಿ" ಎಂದು ನರಸಮ್ಮ ಕೈ ಚಾಚಿದಳು. "ಕೊಡಿಲ್ಲಿ ಒಂದು ಹಿಡಿ." ಬಾಯಿ ತುಂಬ ಎಳ್ಳು-ಬೆಲ್ಲ ಹಾಕಿಕೊಂಡು ಕಣ್ಣು ಮುಚ್ಚಿ ಜಗಿದಳು.

ಹತ್ತನೇ ದಿನ ಮನೆಗೆ ಕಳಿಸುವಾಗ ವಿಮಲಮ್ಮ ಬಿಡಿಸಿ ಹೇಳಿದರು. ಜರಡಿ ಮತ್ತೆ ಹೊಸದಾಗುವುದಿಲ್ಲ. ಇಷ್ಟರಲ್ಲೇ ಕಾಪಾಡಿಕೊಳ್ಳಬೇಕು. ಇನ್ನೊಂದು ಬಸುರು ಬೇಡ. ತಿಂಗಳಿಗೊಮ್ಮೆ ಶುಕ್ರವಾರ ಬರಬೇಕು. ಪದ್ಮನಾಭ ಈ ಸಲವೂ ಚೀಟಿಯಲ್ಲಿ ಬರೆದುಕೊಂಡ.

ಜಲಜಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಲಗೈ ಮುಂದೆ ಚಾಚಿದಳು. ಊತ ಇಳಿದು ಕೈ ಗೌರಿ ಹಬ್ಬದ ಕೈಯಾಗಿತ್ತು. ನರಸಮ್ಮ ಸೆರಗಿನ ಗಂಟು ಬಿಚ್ಚಿ, ಸುತ್ತಮುತ್ತ ನೋಡಿ, ರಾಮಕ್ಕನ ಕೈಗೆ ಬಳೆ ಕೊಟ್ಟಳು.

"ನೀವೇ ತೊಡಿಸಿ ಅತ್ತೆ" ಎಂದಳು ಜಲಜಾ.

"ನಾನು ತೊಡಿಸಬಾರದು ಕಣವ್ವ."

"ಅವತ್ತು ಹಸೆ ತುಳ್ಕೊಂಡು ಬಂದಾಗ ಬಾರದು ಅನ್ನಿಸಲಿಲ್ಲ. ಇವತ್ತೇನು?"

ರಾಮಕ್ಕ ಬಳೆಗಳನ್ನು ನರಸಮ್ಮನ ಅಂಗೈಗೆ ಹಿಂದಿರುಗಿಸಿದಳು. ಒಂದೊಂದೂ ಗೆಣ್ಣು ದಾಟಿ ಸರ್ರನೆ ಇಳಿಯಿತು. ಆರೂ ಸೇರಿ ಮಣಿಕಟ್ಟಿನಲ್ಲಿ ಸದ್ದು ಮಾಡಿದವು, ಮಗು ಕಣ್ಣು ಬಿಟ್ಟಿತು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸ್ಪಿರಿಟ್ ದೀಪ ಮತ್ತೆ ಹೊತ್ತಿತು. ಕೊಳವೆ ಕುದಿಯಿತು. ನೀಲಿ.

"ಕೃಷ್ಣನ ಮೈಬಣ್ಣನಾ ನರಸಕ್ಕ?" ಎಂದು ಕಾಂಪೌಂಡಿನ ಆಚೆಯಿಂದ ರಾಮಕ್ಕ ಕೂಗಿದಳು.

"ಹೂಂ. ಆದ್ರೂ ಶುಕ್ರವಾರ ಆಸ್ಪತ್ರೆಗೆ ಹೋಗ್ಬೇಕು. ಬಸ್ಸಿಗೆ ನೀನೂ ಬತ್ತೀಯಾ?"